ಕಾಫಿ ತೋಟದ ಕೆಲಸ ಮತ್ತು ಕೊಕ್ಕೆಹುಳು: ಅಧ್ಯಯನಕ್ಕೆ ಇಳಿಯುವವರಿಗೆ ಹಂತ ಹಂತದ ಮಾರ್ಗದರ್ಶಿ

ಮಳೆಗಾಲದಲ್ಲಿ ಕಾಫಿ ತೋಟಕ್ಕೆ ಕಾಲಿಟ್ಟರೆ ಜಿಗಣೆ ಹತ್ತುತ್ತದೆ. ಅದು ಕಣ್ಣಿಗೆ ಕಾಣುತ್ತದೆ. ಹಾಗಾಗಿ ಸುಣ್ಣ, ಹೊಗೆಸೊಪ್ಪು, ಉಪ್ಪು ಅಂತ ಪ್ರತಿಯೊಬ್ಬರ ಹತ್ತಿರವೂ ಒಂದೊಂದು ಉಪಾಯ ಇರುತ್ತದೆ. ಅದೇ ಒದ್ದೆ ಮಣ್ಣಲ್ಲಿ ಕೊಕ್ಕೆಹುಳುವಿನ ಮರಿ ಇದ್ದರೆ ಯಾರಿಗೂ ಕಾಣುವುದಿಲ್ಲ. ಅರ್ಧ ಮಿಲಿಮೀಟರ್‌ಗಿಂತ ತುಸು ಉದ್ದ, ಅಷ್ಟೇ. ಕಾಲ್ಬೆರಳ ಸಂದಿಯ ಚರ್ಮ ತೂರಿ ಒಳಗೆ ಹೋಗುತ್ತದೆ. ರಕ್ತದ ಜೊತೆ ಶ್ವಾಸಕೋಶ ಸೇರುತ್ತದೆ. ಗಂಟಲಿಗೆ ಹತ್ತಿ ಬಂದದ್ದನ್ನು ನಾವೇ ನುಂಗಿಕೊಳ್ಳುತ್ತೇವೆ. ಕೊನೆಗೆ ಸಣ್ಣ ಕರುಳಲ್ಲಿ ಕಚ್ಚಿ ಕೂತು ರಕ್ತ ಹೀರುತ್ತದೆ. ಅದರ ಮೊಟ್ಟೆ ಮಲದ ಜೊತೆ ಹೊರಬಂದು ಮಣ್ಣಲ್ಲಿ ಮತ್ತೆ ಮರಿಯಾಗುತ್ತದೆ. ಕೊಕ್ಕೆಹುಳುಗಳಲ್ಲೇ ನೆಕೇಟರ್ ಜಾತಿಯ ಒಂದು ಹುಳುವಿನಿಂದ ದಿನಕ್ಕೆ ಸುಮಾರು 0.03 ಮಿ.ಲೀ. ರಕ್ತ ಹೋಗುತ್ತದೆ. ಆನ್ಸೈಲೋಸ್ಟೋಮಾ ಜಾತಿಯದಾದರೆ ಅದರ ಐದಾರು ಪಟ್ಟು.

ಇದು ಮೊದಲಿಂದಲೂ ದುಡಿಯುವವರ ಕಾಯಿಲೆ. 1872ರಿಂದ 1882ರ ತನಕ ಸ್ವಿಟ್ಜರ್ಲೆಂಡಿನಲ್ಲಿ ಗೊಥಾರ್ಡ್ ರೈಲು ಸುರಂಗ ಕೊರೆದಾಗ ಕೂಲಿಗಳು ಬಿಳಿಚಿಕೊಂಡು ಒಬ್ಬೊಬ್ಬರೇ ನೆಲ ಹಿಡಿದರು. ಇಟಲಿಯ ಎಡೋರ್ಡೊ ಪೆರೊಂಚಿಟೊ 1880ರಲ್ಲಿ ಅದಕ್ಕೆ ಕೊಕ್ಕೆಹುಳುವೇ ಕಾರಣ ಎಂದು ತೋರಿಸಿದರು. ಸುರಂಗದ ಒಳಗೆ ಬೆಚ್ಚಗೆ, ಒದ್ದೆ, ಕಕ್ಕಸು ಇಲ್ಲ. ಹುಳುವಿಗೆ ಇನ್ನೇನು ಬೇಕು?

ನಮ್ಮಲ್ಲಿ 2015ರಿಂದ ರಾಷ್ಟ್ರೀಯ ಜಂತುಹುಳು ನಿವಾರಣಾ ದಿನ ನಡೆಯುತ್ತಿದೆ. ಆದರೆ ಅದು 1ರಿಂದ 19 ವರ್ಷದವರಿಗೆ. ವಿಶ್ವ ಆರೋಗ್ಯ ಸಂಸ್ಥೆ ಚಹಾ ಎಲೆ ಕೀಳುವವರು, ಗಣಿ ಕೆಲಸದವರಂಥ ವಯಸ್ಕರನ್ನೂ ಹೆಚ್ಚು ಅಪಾಯದವರ ಪಟ್ಟಿಗೆ ಸೇರಿಸುತ್ತದೆ. ನಲವತ್ತು ವರ್ಷದ ತೋಟದ ಹೆಂಗಸಿಗೆ ಮಾತ್ರೆ ಕೊಡುವ ದಿನ ಅಂತ ಯಾವುದೂ ಇಲ್ಲ. ಅವರ ಹೊಟ್ಟೆಯಲ್ಲಿ ಏನಿದೆ ಅಂತ ನೋಡುವವರೂ ಕಡಿಮೆ. ಎಂ.ಡಿ., ಎಂ.ಎಸ್ಸಿ. ಥೀಸಿಸ್‌ಗೆ ವಿಷಯ ಹುಡುಕುವವರಿಗೆ ನಾನು ಇದನ್ನೇ ಹೇಳುವುದು ಅದಕ್ಕೇ.

ಒಂದು ಮಾತು ಮೊದಲೇ. ಇಂಥ ಅಧ್ಯಯನ ಮೈಕ್ರೋಸ್ಕೋಪಿನಲ್ಲಿ ಕೆಡುವುದು ಕಡಿಮೆ. ಕೆಡುವುದು ಎರಡು ಕಡೆ: ಪ್ರಶ್ನಾವಳಿಯಲ್ಲಿ, ಮತ್ತು ಗಡಿಯಾರದಲ್ಲಿ. ಹಾಗಾಗಿ ಆ ಎರಡರ ಬಗ್ಗೆ ಇಲ್ಲಿ ಜಾಸ್ತಿ ಬರೆದಿದ್ದೇನೆ.

ಹಂತ 1: ಪ್ರಶ್ನೆಯನ್ನು ಕಿರಿದು ಮಾಡಿ

"ತೋಟದ ಕೆಲಸಗಾರರಲ್ಲಿ ಜಂತುಹುಳು ಎಷ್ಟಿದೆ" ಅನ್ನುವುದು ಸಮೀಕ್ಷೆ. "ಮಣ್ಣಿಗೆ ಕೈಕಾಲು ತಾಗುವ ಕೆಲಸ ಮಾಡುವವರಲ್ಲಿ, ತಾಗದ ಕೆಲಸದವರಿಗಿಂತ ಕೊಕ್ಕೆಹುಳು ಹೆಚ್ಚಿದೆಯೇ" ಅನ್ನುವುದು ವೃತ್ತಿಯ ಬಗೆಗಿನ ಪ್ರಶ್ನೆ. ಎರಡನೆಯದಕ್ಕೆ ಹೋಲಿಸಲು ಒಂದು ಗುಂಪು ಬೇಕು. ಅದು ತೋಟದಲ್ಲೇ ಸಿಗುತ್ತದೆ. ಕಳೆ ತೆಗೆಯುವವರು, ಗುಂಡಿ ತೆಗೆಯುವವರು, ನರ್ಸರಿ ಚೀಲಕ್ಕೆ ಮಣ್ಣು ತುಂಬುವವರು ಒಂದು ಕಡೆ. ಕಾಫಿ ಕಣದಲ್ಲಿ ಒಣಹಾಕುವವರು, ಡ್ರೈವರ್, ರೈಟರ್ (ತೋಟದ ಲೆಕ್ಕ ಬರೆಯುವವರು) ಇನ್ನೊಂದು ಕಡೆ. ಕಣದ ಸಿಮೆಂಟ್ ನೆಲದ ಮೇಲೆ ನೇರ ಬಿಸಿಲು ಬೀಳುತ್ತದೆ, ಮರಿ ಅಲ್ಲಿ ಒಣಗಿ ಸಾಯುತ್ತದೆ. ಮರದ ನೆರಳಿರುವ ಒದ್ದೆ ಮಣ್ಣಲ್ಲಿ ಮಾತ್ರ ವಾರಗಟ್ಟಲೆ ಬದುಕುತ್ತದೆ. ನಮ್ಮ ಕಾಫಿ ಬೆಳೆಯುವುದೇ ಆ ನೆರಳಲ್ಲಿ.

ಎಷ್ಟು ಜನ ಬೇಕು? ಒಂದು ಉದಾಹರಣೆ ಲೆಕ್ಕ. ನೂರಕ್ಕೆ 20 ಮಂದಿಗೆ ಸೋಂಕು ಇರಬಹುದು, 5ರಷ್ಟು ಹೆಚ್ಚುಕಡಿಮೆ ಆದರೂ ಪರವಾಗಿಲ್ಲ ಅಂದುಕೊಳ್ಳಿ. ಮಾದರಿ ಗಾತ್ರದ ಸೂತ್ರದಿಂದ 246 ಬರುತ್ತದೆ. ಒಂದೇ ಲೈನ್ ಮನೆಯಲ್ಲಿ (ತೋಟದ ಕೆಲಸದವರ ಸಾಲುಮನೆಯಲ್ಲಿ) ಇರುವವರ ಸೋಂಕು ಒಂದೇ ಥರ ಇರುತ್ತದಲ್ಲ, ಅದಕ್ಕೆ 1.5ರಿಂದ ಗುಣಿಸಿ: 369. ಹತ್ತರಲ್ಲಿ ಒಬ್ಬರು ಮಲದ ಮಾದರಿಗೆ ಕೊಟ್ಟ ಡಬ್ಬಿ ವಾಪಸ್ ಕೊಡುವುದಿಲ್ಲ ಅಂತ ಇಟ್ಟುಕೊಂಡರೆ 410. ಇದು ಸೋಂಕಿನ ಪ್ರಮಾಣ ತಿಳಿಯಲು. ಎರಡು ಗುಂಪು ಹೋಲಿಸುವುದಕ್ಕೆ ಬೇರೆ ಲೆಕ್ಕ ಇದೆ. ಸಂಖ್ಯಾಶಾಸ್ತ್ರದವರ ಹತ್ತಿರ ಡೇಟಾ ತೆಗೆದುಕೊಂಡು ಹೋಗಬೇಡಿ, ಡೇಟಾ ತರುವ ಮೊದಲೇ ಹೋಗಿ.

ಹಂತ 2: ಅನುಮತಿ ಮತ್ತು ಒಪ್ಪಿಗೆ

ನಿಮ್ಮ ಸಂಸ್ಥೆಯ ನೈತಿಕ ಸಮಿತಿಯ ಒಪ್ಪಿಗೆ ಮೊದಲು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿಯನ್ನು ಒಮ್ಮೆ ಓದಿಕೊಳ್ಳಿ. ಅರ್ಜಿಯ ಕೆಲಸ ಎಲ್ಲರಿಗೂ ಗೊತ್ತು, ಅದನ್ನು ಬಿಡೋಣ. ತೋಟದಲ್ಲಿ ಎಡವುವುದು ಬೇರೆ ಕಡೆ.

ಮಾಲೀಕರ ಅನುಮತಿ ಅಂದರೆ ತೋಟದೊಳಗೆ ಬರಲು ಅನುಮತಿ, ಅಷ್ಟೇ. ಕೆಲಸದವರ ಒಪ್ಪಿಗೆ ಬೇರೆ. ಮೇಸ್ತ್ರಿ ಪಕ್ಕದಲ್ಲಿ ನಿಂತಿದ್ದರೆ ಯಾರೂ "ಬೇಡ" ಅನ್ನುವುದಿಲ್ಲ. ಹಾಗಾಗಿ ಮಾತಾಡುವುದು ಸಂಜೆ, ಲೈನ್ ಮನೆ ಹತ್ತಿರ, ಮೇಸ್ತ್ರಿ ಇಲ್ಲದಾಗ. ಓದು ಬಾರದವರಿಗೆ ಓದಿ ಹೇಳಿ, ಹೆಬ್ಬೆಟ್ಟಿನ ಜೊತೆ ತೋಟಕ್ಕೆ ಸಂಬಂಧ ಇಲ್ಲದ ಸಾಕ್ಷಿಯ ಸಹಿ ಹಾಕಿಸಿ. ಕೊಡಗು, ಚಿಕ್ಕಮಗಳೂರು, ಹಾಸನದ ತೋಟಗಳಲ್ಲಿ ಕನ್ನಡ, ತುಳು, ತಮಿಳು ಮಾತಾಡುವವರ ಜೊತೆ ಈಗ ಅಸ್ಸಾಮಿನಿಂದ ಬಂದವರೂ ಇದ್ದಾರೆ. ಕನ್ನಡದ ಫಾರಂ ಒಂದೇ ಸಾಲುವುದಿಲ್ಲ.

ಫಲಿತಾಂಶ ಯಾರಿಗೆ ಹೋಗುತ್ತದೆ ಅಂತ ಮೊದಲ ಮಾತಿನಲ್ಲೇ ಹೇಳಿಬಿಡಿ. "ಹುಳ ಇದೆ ಅಂತಾದ್ರೆ ಕೆಲಸಕ್ಕೆ ಬೇಡ ಅಂತಾರಾ?" ಅನ್ನುವ ಪ್ರಶ್ನೆ ಬಂದೇ ಬರುತ್ತದೆ. ಒಬ್ಬೊಬ್ಬರ ಹೆಸರಿನ ಫಲಿತಾಂಶ ಮಾಲೀಕರಿಗೆ ಹೋಗಬಾರದು. ಅವರಿಗೆ ಒಟ್ಟು ಲೆಕ್ಕ ಸಾಕು.

ಹಂತ 3: ಕೆಲಸವನ್ನು ಅಳೆಯುವುದು

ಮೊದಲನೆಯ ಕೇಡು ಇಲ್ಲೇ. ಎಷ್ಟೋ ಪ್ರಶ್ನಾವಳಿಗಳಲ್ಲಿ "ಉದ್ಯೋಗ: ಕೂಲಿ" ಅಂತ ಒಂದು ಗೆರೆ, ಕೆಳಗೆ "ಚಪ್ಪಲಿ ಹಾಕುತ್ತೀರಾ: ಹೌದು/ಇಲ್ಲ." ಇದರಿಂದ ಏನೂ ಗೊತ್ತಾಗುವುದಿಲ್ಲ. ಚಪ್ಪಲಿ ಹಾಕುತ್ತೀರಾ ಅಂದರೆ ಎಲ್ಲರೂ ಹೌದು ಅನ್ನುತ್ತಾರೆ. ಸುಳ್ಳಲ್ಲ. ಮನೆಯಿಂದ ಹೊರಡುವಾಗ ಕಾಲಲ್ಲಿ ಹವಾಯಿ ಇರುತ್ತದೆ. ಇಳಿಜಾರಿನ ಕೆಸರಲ್ಲಿ ಅದು ಜಾರುತ್ತದೆ, ಕಿತ್ತು ಬರುತ್ತದೆ. ತೋಟದ ತಲೆಯಲ್ಲಿ ಬಿಟ್ಟು ಬರಿಗಾಲಲ್ಲಿ ಇಳಿಯುತ್ತಾರೆ. ಗಿಡದ ಬುಡಗಳ ಹತ್ತಿರ ಸಾಲಾಗಿ ಬಿಟ್ಟಿರುವ ಚಪ್ಪಲಿ ನೋಡಿದ ಮೇಲೆ ನಾನು ಪ್ರಶ್ನೆ ಬದಲಾಯಿಸಿದೆ: "ನಿನ್ನೆ ಕೆಲಸ ಮಾಡುವಾಗ ಕಾಲಲ್ಲಿ ಏನಿತ್ತು?" ಉತ್ತರವೂ ಬದಲಾಯಿತು.

ಕೇಳಬೇಕಾದ್ದು ಇವು. ಕಳೆದ ಹನ್ನೆರಡು ತಿಂಗಳಲ್ಲಿ ಯಾವ ಯಾವ ಕೆಲಸ, ಎಷ್ಟು ತಿಂಗಳು? ಕೆಲಸಗಳನ್ನು ತೋಟದ ಮಾತಲ್ಲೇ ಕೇಳಿ: ಕಳೆ, ಗುಂಡಿ, ಗೊಬ್ಬರ, ಕಪಾತು (ಗಿಡ ಸವರುವುದು), ಚಿಗುರು (ಬೇಡದ ಚಿಗುರು ತೆಗೆಯುವುದು), ಮರಗಸಿ (ನೆರಳಿನ ಮರದ ಕೊಂಬೆ ಕಡಿಯುವುದು), ಕೊಯ್ಲು, ಪಲ್ಪಿಂಗ್ (ಹಣ್ಣಿನ ಸಿಪ್ಪೆ ಬಿಡಿಸುವುದು), ಕಣ. ಕೈ ಮಣ್ಣಿಗೆ ತಾಗುತ್ತದೆಯೇ? ಅರೇಬಿಕಾ ಕೊಯ್ಲಲ್ಲಿ ಕೈ ಇರುವುದು ಗಿಡದ ಮೇಲೆ, ಆದರೆ ಉದುರಿದ ಹಣ್ಣು ಹೆಕ್ಕುವಾಗ ನೆಲದ ಮೇಲೆ. ಕೆಲಸದ ಹೊತ್ತಲ್ಲಿ ಎರಡಕ್ಕೆ ಹೋಗಬೇಕಾದರೆ ಎಲ್ಲಿಗೆ ಹೋಗುತ್ತಾರೆ? ಮನೆಯಲ್ಲಿ ಕಕ್ಕಸು ಇದೆಯೇ ಅನ್ನುವುದು ಬೇರೆ ಪ್ರಶ್ನೆ. ಎರಡನ್ನೂ ಕೇಳಿ. ಕಳೆದ ಆರು ತಿಂಗಳಲ್ಲಿ ಜಂತುಹುಳುವಿನ ಮಾತ್ರೆ ನುಂಗಿದ್ದಾರೆಯೇ? ಮಳೆಗಾಲದಲ್ಲಿ ಕಾಲ್ಬೆರಳ ಸಂದಿಯಲ್ಲಿ ಕೆರೆತ, ಗುಳ್ಳೆ ಬರುತ್ತದೆಯೇ?

ಹನ್ನೆರಡು ತಿಂಗಳು ಯಾಕೆ ಅಂದರೆ, ಮರಿ ಒಳಗೆ ಹೋದ ಮೇಲೆ ಮಲದಲ್ಲಿ ಮೊಟ್ಟೆ ಕಾಣಲು ಒಂದೂವರೆ ಎರಡು ತಿಂಗಳು ಬೇಕು. ಆಮೇಲೆ ಹುಳು ವರ್ಷಗಟ್ಟಲೆ ಬದುಕುತ್ತದೆ. ಜನವರಿಯಲ್ಲಿ ನಿಮಗೆ ಸಿಗುವ ಮೊಟ್ಟೆ ಜುಲೈ ಕೆಸರಿನ ಫಲ ಇರಬಹುದು. ಹೋದ ವಾರದ ಕೆಲಸ ಕೇಳಿ ಈ ವಾರದ ಮೊಟ್ಟೆಗೆ ಜೋಡಿಸಿದರೆ ಲೆಕ್ಕ ತಪ್ಪುತ್ತದೆ.

ಕೇಳಿದ್ದು ಸಾಲದು, ನೋಡಲೂ ಬೇಕು. ಗುಂಪಿಗೆ ಅರ್ಧ ದಿನದಂತೆ ಜೊತೆಗೆ ಹೋಗಿ. ಹತ್ತು ನಿಮಿಷಕ್ಕೊಮ್ಮೆ ಕಾಲಲ್ಲಿ ಏನಿದೆ, ಕೈ ಎಲ್ಲಿದೆ ಅಂತ ಗುರುತು ಹಾಕಿಕೊಳ್ಳಿ.

ಹಂತ 4: ಡಬ್ಬಿ ಕೊಡುವುದು, ವಾಪಸ್ ಪಡೆಯುವುದು

ಅಗಲ ಬಾಯಿಯ, ತಿರುಗಿಸುವ ಮುಚ್ಚಳದ, ಒಳಗೆ ಚಮಚ ಇರುವ ಡಬ್ಬಿ. ಮೇಲೆ ನಂಬರ್ ಮಾತ್ರ, ಹೆಸರು ಬೇಡ. ಹಿಂದಿನ ಸಂಜೆ ಕೊಟ್ಟು ಬೆಳಗ್ಗೆ ಹಾಜರಿಗೆ ಮುಂಚೆ ಪಡೆಯಿರಿ.

"ಮಲದ ಮಾದರಿ" ಅಂದರೆ ಕೆಲವರಿಗೆ ಅರ್ಥವಾಗುವುದಿಲ್ಲ. ಮೆಲ್ಲಗೆ, ನಗಾಡದೆ, ಮನೆಮಾತಲ್ಲಿ ಹೇಳಿ. ಹೆಂಗಸರಿಗೆ ಹೆಂಗಸರೇ ಹೇಳಲಿ, ಆಶಾ ಕಾರ್ಯಕರ್ತೆ ಜೊತೆಗಿದ್ದರೆ ಅರ್ಧ ಕೆಲಸ ಆದಂತೆ. ಬಾಳೆಲೆ ಚೂರು ಅಥವಾ ಪೇಪರ್ ಹಾಸಿ ಅದರ ಮೇಲೆ ಹೋಗಬೇಕು, ಅದರಿಂದ ಒಂದು ಅಡಿಕೆ ಗಾತ್ರದಷ್ಟು ಡಬ್ಬಿಗೆ. ನೆಲದಿಂದ ತೆಗೆದರೆ ಮಣ್ಣಲ್ಲೇ ಬದುಕುವ ಬೇರೆ ಸಣ್ಣ ಹುಳುಗಳು ಸೇರುತ್ತವೆ, ಆಮೇಲೆ ಮೈಕ್ರೋಸ್ಕೋಪಿನಲ್ಲಿ ತಲೆಕೆಡುತ್ತದೆ. ಮೂತ್ರ, ನೀರು ಸೇರಬಾರದು.

ಡಬ್ಬಿಗಳನ್ನು ಐಸ್ ಪ್ಯಾಕ್ ಇರುವ ಪೆಟ್ಟಿಗೆಯಲ್ಲಿ ತಂಪಾಗಿಡಿ. ಹೆಪ್ಪುಗಟ್ಟಲು ಬಿಡಬೇಡಿ. ಫಾರ್ಮಲಿನ್ ಹಾಕಬೇಡಿ, ಮುಂದಿನ ಹಂತದಲ್ಲಿ ಹೇಳುವ ಪರೀಕ್ಷೆಗೆ ತಾಜಾ ಮಲವೇ ಬೇಕು. ಬೆಚ್ಚಗೆ ಇಟ್ಟರೆ ಕೊಕ್ಕೆಹುಳುವಿನ ಮೊಟ್ಟೆ ಡಬ್ಬಿಯೊಳಗೇ ಬೆಳೆದು ಮರಿಯಾಗುತ್ತದೆ. ಪಿಸಿಆರ್ (ಹುಳುವಿನ ಡಿಎನ್‌ಎ ಹುಡುಕುವ ಪರೀಕ್ಷೆ) ಮಾಡುವ ಯೋಚನೆ ಇದ್ದರೆ ಒಂದು ಚೂರನ್ನು ಎಥನಾಲ್‌ನಲ್ಲಿ ಬೇರೆ ತೆಗೆದಿಡಿ.

ಹಂತ 5: ಕಾಟೋ-ಕಾಟ್ಜ್ ಸ್ಲೈಡ್

ಇದು ಮಲದಲ್ಲಿರುವ ಹುಳುವಿನ ಮೊಟ್ಟೆಯನ್ನು ಮೈಕ್ರೋಸ್ಕೋಪಿನಲ್ಲಿ ನೋಡಲು 1954ರಲ್ಲಿ ಜಪಾನಿನ ಕಾಟೋ ಮತ್ತು ಮಿಯುರಾ ಶುರು ಮಾಡಿದ ವಿಧಾನ. 1972ರಲ್ಲಿ ಬ್ರೆಜಿಲ್‌ನ ಕಾಟ್ಜ್ ಮತ್ತು ಜೊತೆಗಾರರು ಅದಕ್ಕೆ ಅಳತೆ ಕೊಟ್ಟರು. ಕರೆಂಟ್ ಬೇಡ, ಸೆಂಟ್ರಿಫ್ಯೂಜ್ ಬೇಡ. ಬೆಳಕಿಗೆ ಕನ್ನಡಿ ಇರುವ ಹಳೇ ಮೈಕ್ರೋಸ್ಕೋಪ್ ಆದರೂ ನಡೆಯುತ್ತದೆ.

ಹಿಂದಿನ ದಿನವೇ ದ್ರಾವಣ ಮಾಡಿ: 100 ಮಿ.ಲೀ. ಗ್ಲಿಸರಾಲ್, 100 ಮಿ.ಲೀ. ಡಿಸ್ಟಿಲ್ಡ್ ವಾಟರ್, ಶೇ. 3ರ ಮ್ಯಾಲಕೈಟ್ ಗ್ರೀನ್ 1 ಮಿ.ಲೀ. ಸೆಲೊಫೇನ್ ಚೂರುಗಳನ್ನು ಇದರಲ್ಲಿ ಕನಿಷ್ಠ 24 ಗಂಟೆ ನೆನೆಸಿಡಬೇಕು. ಆಮೇಲೆ:

1. ಪೇಪರ್ ಮೇಲೆ ಸ್ವಲ್ಪ ಮಲ ಹಾಕಿ. ಮೇಲೆ ಸಣ್ಣ ಜಾಲರಿ ಒತ್ತಿ. ಚಪ್ಪಟೆ ಕಡ್ಡಿಯಿಂದ ಜಾಲರಿಯ ಮೇಲ್ಭಾಗ ಕೆರೆಯಿರಿ. ನಾರು ಕೆಳಗೇ ಉಳಿದು ನುಣ್ಣಗಿನದು ಮೇಲೆ ಬರುತ್ತದೆ.
2. ಸ್ಲೈಡ್ ಮೇಲೆ ತೂತಿರುವ ಟೆಂಪ್ಲೇಟ್ ಇಡಿ. ತೂತು 6 ಮಿ.ಮೀ. ಅಗಲ, ಟೆಂಪ್ಲೇಟ್ 1.5 ಮಿ.ಮೀ. ದಪ್ಪ ಇದ್ದರೆ 41.7 ಮಿ.ಗ್ರಾಂ ಹಿಡಿಯುತ್ತದೆ. ಗಾಳಿ ಉಳಿಯದಂತೆ ತುಂಬಿ ಮಟ್ಟ ಮಾಡಿ.
3. ಟೆಂಪ್ಲೇಟನ್ನು ನೇರ ಮೇಲಕ್ಕೆ ಎತ್ತಿ. ಪುಟ್ಟ ಇಡ್ಲಿಯಂತೆ ಒಂದು ಗುಡ್ಡೆ ಉಳಿಯಬೇಕು.
4. ನೆನೆದ ಸೆಲೊಫೇನ್ ಮುಚ್ಚಿ. ಸ್ಲೈಡ್ ತಿರುವಿಹಾಕಿ ನಯವಾದ ಟೈಲ್ ಮೇಲೆ ಒತ್ತಿ. ಅಂಚಿನವರೆಗೆ ಸಮನಾಗಿ ಹರಡಲಿ. ಕೆಳಗಿಟ್ಟ ಪೇಪರಿನ ಅಕ್ಷರ ಅದರ ಮೂಲಕ ಓದಲು ಬಂದರೆ ತೆಳು ಸರಿಯಾಗಿದೆ.
5. ಸ್ಲೈಡನ್ನು ಮೇಲಕ್ಕೆತ್ತದೆ ಪಕ್ಕಕ್ಕೆ ಜಾರಿಸಿ ತೆಗೆಯಿರಿ. ಮಾಡಿದ ಗಂಟೆ, ನಿಮಿಷ ಅದರ ಮೇಲೇ ಬರೆಯಿರಿ.

ಐದನೆಯದರ ಕೊನೆಯ ಮಾತನ್ನು ಮರೆಯಬೇಡಿ. ಪ್ರತಿ ಮಾದರಿಗೂ ಎರಡು ಸ್ಲೈಡ್ ಮಾಡಿ. ಭೇದಿಯ ನೀರು ಮಲಕ್ಕೆ ಈ ವಿಧಾನ ಆಗುವುದಿಲ್ಲ.

ಹಂತ 6: ಗಡಿಯಾರ

ಗ್ಲಿಸರಾಲ್ ಮಲವನ್ನು ತಿಳಿ ಮಾಡುತ್ತದೆ. ಜೊತೆಗೆ ಕೊಕ್ಕೆಹುಳುವಿನ ತೆಳು ಚಿಪ್ಪಿನ ಮೊಟ್ಟೆಯನ್ನೂ ತಿಳಿ ಮಾಡಿ ಮಾಯ ಮಾಡಿಬಿಡುತ್ತದೆ. ಸ್ಲೈಡ್ ಮಾಡಿ 30ರಿಂದ 60 ನಿಮಿಷದೊಳಗೆ ಎಣಿಸಬೇಕು. ಕರುಳಿನ ಬೇರೆ ಹುಳುಗಳಾದ ದುಂಡುಹುಳು, ಚಾಟಿಹುಳುವಿನ ಮೊಟ್ಟೆ ಗಟ್ಟಿ, ಅವನ್ನು ಮಾರನೇ ದಿನವೂ ನೋಡಬಹುದು.

ಇದನ್ನು ನಾನು ಪುಸ್ತಕದಲ್ಲಿ ಓದಿದ್ದೆ. ಆದರೂ ಮೊದಲ ದಿನ ತಪ್ಪಿದೆ. ತೋಟದ ಸಣ್ಣ ಶೆಡ್‌ನಲ್ಲಿ ಮೂವರು ಕೂತು ಬೆಳಗ್ಗೆ ಎಲ್ಲಾ ಸ್ಲೈಡ್ ಒಂದೇ ಉಸಿರಿಗೆ ಮಾಡಿ ಮುಗಿಸಿದೆವು. ಸಾಲಾಗಿ ಜೋಡಿಸಿ, ಕೈ ತೊಳೆದು, ಅಕ್ಕಿ ರೊಟ್ಟಿ ತಿಂದು, ಕಾಫಿ ಕುಡಿದು ಬಂದೆವು. ಎಣಿಸಲು ಕೂತರೆ ದುಂಡುಹುಳು ಇದೆ, ಚಾಟಿಹುಳು ಇದೆ, ಕೊಕ್ಕೆಹುಳು ಒಂದೂ ಇಲ್ಲ. "ಈ ತೋಟ ಒಳ್ಳೇದಿದೆ" ಅಂದುಕೊಂಡೆವು. ಸಂಜೆ ಅನುಮಾನ ಬಂತು. ಪೆಟ್ಟಿಗೆಯಲ್ಲಿ ಉಳಿದಿದ್ದ ಅದೇ ಡಬ್ಬಿಗಳಿಂದ ಎರಡು ಸ್ಲೈಡ್ ಮಾಡಿ ತಕ್ಷಣ ನೋಡಿದರೆ, ಮೊದಲನೆಯದರಲ್ಲೇ ಕೊಕ್ಕೆಹುಳುವಿನ ಮೊಟ್ಟೆ. ಒಂದು ಇಡೀ ದಿನದ ಎಣಿಕೆ ಹರಿದು ಹಾಕಿದೆವು.

ಒಬ್ಬರಿಗೆ ಒಂದು ಸ್ಲೈಡ್ ಪೂರ್ತಿ ನೋಡಲು ಹತ್ತು ನಿಮಿಷವಾದರೂ ಬೇಕು. ಹಾಗಾಗಿ ಒಂದು ಮೈಕ್ರೋಸ್ಕೋಪಿಗೆ ಒಂದು ಸಲಕ್ಕೆ ನಾಲ್ಕೇ ಸ್ಲೈಡ್ ಮಾಡಿ. ಅವು ಮುಗಿದ ಮೇಲೆ ಮತ್ತೆ ನಾಲ್ಕು. ನೂರಕ್ಕೆ ಹತ್ತು ಸ್ಲೈಡನ್ನು ಎರಡನೆಯವರು ಮತ್ತೆ ಓದಬೇಕು ಅಂತ ನಿಯಮ ಇಟ್ಟುಕೊಳ್ಳುತ್ತೀರಲ್ಲ, ಅದೂ ಆ ಗಂಟೆಯೊಳಗೇ ಆಗಬೇಕು. ವಾರದ ಕೊನೆಗೆ ಕಾಲೇಜಿಗೆ ಒಯ್ದು ಸಾರ್‌ಗೆ ತೋರಿಸಿದರೆ ಅವರಿಗೆ ಏನೂ ಕಾಣುವುದಿಲ್ಲ, ಬೈಗುಳ ನಿಮಗೆ.

ಹಂತ 7: ಎಣಿಸುವುದು

10ರ ಲೆನ್ಸ್‌ನಲ್ಲಿ ಒಂದು ಮೂಲೆಯಿಂದ ಶುರು ಮಾಡಿ, ಗದ್ದೆ ಉಳುವಂತೆ ಅತ್ತ ಇತ್ತ ಹೋಗುತ್ತಾ ಪೂರ್ತಿ ನೋಡಿ. ಅನುಮಾನ ಬಂದರೆ 40ಕ್ಕೆ ತಿರುಗಿಸಿ. ಕೊಕ್ಕೆಹುಳುವಿನ ಮೊಟ್ಟೆ ಸುಮಾರು 60 ಮೈಕ್ರಾನ್ ಉದ್ದ, 40 ಅಗಲ. ಚಿಪ್ಪು ಗೆರೆ ಎಳೆದಷ್ಟು ತೆಳು. ಒಳಗೆ ನಾಲ್ಕೆಂಟು ಕೋಶಗಳ ಬೂದು ಗೊಂಚಲು. ಚಿಪ್ಪಿಗೂ ಗೊಂಚಲಿಗೂ ನಡುವೆ ಖಾಲಿ ಜಾಗ. ಗುರುತು ಸಿಗುವುದು ಆ ಖಾಲಿ ಜಾಗದಿಂದಲೇ. ಚಾಟಿಹುಳುವಿನದು ಎರಡೂ ತುದಿಗೆ ಬಿರಡೆ ಹಾಕಿದ ಮದ್ದಳೆ. ದುಂಡುಹುಳುವಿನದು ಹಲಸಿನ ಸಿಪ್ಪೆಯಂತೆ ಉಬ್ಬುತಗ್ಗು. ಗಾಳಿಗುಳ್ಳೆಗೆ ಮೋಸ ಹೋಗಬೇಡಿ, ಅದರ ಅಂಚು ಕಪ್ಪು, ಒಳಗೆ ಖಾಲಿ.

ಎಣಿಕೆಯನ್ನು 24ರಿಂದ ಗುಣಿಸಿದರೆ ಒಂದು ಗ್ರಾಂಗೆ ಎಷ್ಟು ಮೊಟ್ಟೆ ಅಂತ ಬರುತ್ತದೆ. ಒಂದು ಸ್ಲೈಡಲ್ಲಿ 30, ಇನ್ನೊಂದರಲ್ಲಿ 40 ಸಿಕ್ಕಿದರೆ ಸರಾಸರಿ 35, ಗುಣಿಸಿದರೆ 840. ಕೊಕ್ಕೆಹುಳುವಿಗೆ 1,999ರ ತನಕ ಹಗುರ ಸೋಂಕು, 2,000ದಿಂದ 3,999 ಮಧ್ಯಮ, 4,000 ಮತ್ತು ಮೇಲೆ ತೀವ್ರ.

ನೆಕೇಟರ್, ಆನ್ಸೈಲೋಸ್ಟೋಮಾ ಮೊಟ್ಟೆಗಳನ್ನು ನೋಡಿ ಬೇರೆ ಮಾಡಲು ಆಗುವುದಿಲ್ಲ. ಅದಕ್ಕೆ ಪಿಸಿಆರ್ ಬೇಕು, ಇಲ್ಲವೇ ಹರಾಡಾ-ಮೋರಿ ವಿಧಾನದಲ್ಲಿ ಮರಿ ಬೆಳೆಸಬೇಕು. ಫಿಲ್ಟರ್ ಪೇಪರ್ ಪಟ್ಟಿಗೆ ಮಲ ಸವರಿ, ತುದಿ ಮಾತ್ರ ನೀರಿಗೆ ತಾಗುವಂತೆ ಟೆಸ್ಟ್ ಟ್ಯೂಬಲ್ಲಿ ನಿಲ್ಲಿಸಿ, 25ರಿಂದ 28 ಡಿಗ್ರಿಯಲ್ಲಿ ಹತ್ತು ದಿನ. ಮರಿಗಳು ತಳದ ನೀರಿಗೆ ಇಳಿಯುತ್ತವೆ. ಸ್ಟ್ರಾಂಜಿಲಾಯ್ಡಿಸ್ ಎಂಬ ಇನ್ನೊಂದು ಕರುಳಿನ ಹುಳು ಕೂಡ ಹೀಗೆ ಸಿಗಬಹುದು. ಕಾಟೋ-ಕಾಟ್ಜ್‌ನಲ್ಲಿ ಅದು ತಪ್ಪಿಹೋಗುತ್ತದೆ. ಹಗುರ ಸೋಂಕನ್ನೂ ಒಂದೇ ದಿನದ ಮಲ ಎಷ್ಟೋ ಸಲ ಬಿಟ್ಟುಬಿಡುತ್ತದೆ. ವರದಿಯಲ್ಲಿ ಇದನ್ನು ಒಪ್ಪಿಕೊಂಡು ಬರೆಯಿರಿ.

ಹಂತ 8: ನಿಮ್ಮ ಕೈ ಜೋಪಾನ

1890ರ ದಶಕದಲ್ಲಿ ಕೈರೋದಲ್ಲಿದ್ದ ಜರ್ಮನ್ ವಿಜ್ಞಾನಿ ಆರ್ಥರ್ ಲೂಸ್ ಕೈ ಮೇಲೆ ಮರಿಗಳಿದ್ದ ನೀರು ಚೆಲ್ಲಿಕೊಂಡರು. ಚರ್ಮ ಕೆಂಪಾಗಿ ಉರಿದು ಕೆರೆಯಿತು. ವಾರಗಳ ನಂತರ ಅವರದೇ ಮಲದಲ್ಲಿ ಮೊಟ್ಟೆ ಸಿಕ್ಕಿತು. ಹುಳು ಚರ್ಮದ ಮೂಲಕ ಹೋಗುತ್ತದೆ ಅಂತ ಲೋಕಕ್ಕೆ ಗೊತ್ತಾದದ್ದು ಹೀಗೆ. ವೃತ್ತಿಯಿಂದ ಬರುವ ಸೋಂಕನ್ನು ಓದಲು ಹೊರಟ ನೀವೂ ಅದೇ ಪಟ್ಟಿಯಲ್ಲಿದ್ದೀರಿ.

ತಾಜಾ ಮೊಟ್ಟೆಯಿಂದ ಕೊಕ್ಕೆಹುಳು ಹತ್ತುವುದಿಲ್ಲ, ಬೆಳೆಸಿದ ಮರಿಯಿಂದ ಹತ್ತುತ್ತದೆ. ಹರಾಡಾ-ಮೋರಿ ಟ್ಯೂಬ್ ಮುಟ್ಟುವಾಗ ಗ್ಲೌಸ್ ಇಲ್ಲದೆ ಆಗುವುದೇ ಇಲ್ಲ. ಮರಿಗಳನ್ನು ಅಯೋಡಿನ್ ಹಾಕಿ ಕೊಂದ ಮೇಲೆ ನೋಡಿ. ಉಳಿದ ಮಲದಿಂದ ಟೈಫಾಯ್ಡ್, ಹೆಪಟೈಟಿಸ್ ಎ, ಲಾಡಿಹುಳುವಿನ ಮೊಟ್ಟೆಯ ಭಯವೂ ಇದೆ. ಶೆಡ್‌ನಲ್ಲಿ ತಿಂಡಿಯ ಮೇಜು ಬೇರೆ, ಸ್ಲೈಡಿನ ಮೇಜು ಬೇರೆ.

ಬ್ಲೀಚ್ ಹಾಕಿದರೆ ಎಲ್ಲಾ ಸತ್ತಿತು ಅಂದುಕೊಳ್ಳಬೇಡಿ. ದುಂಡುಹುಳುವಿನ ಮೊಟ್ಟೆ ಬ್ಲೀಚ್‌ಗೆ ಜಗ್ಗುವುದಿಲ್ಲ, ಬಿಸಿಗೆ ಜಗ್ಗುತ್ತದೆ. ಆಟೋಕ್ಲೇವ್ ಮಾಡಿ. ಆಮೇಲೆ 2016ರ ವೈದ್ಯಕೀಯ ತ್ಯಾಜ್ಯ ನಿಯಮದಂತೆ ಗಾಜಿನ ಸ್ಲೈಡ್ ನೀಲಿ ಗುರುತಿನ ಡಬ್ಬಿಗೆ, ಗ್ಲೌಸ್ ಕೆಂಪು ಚೀಲಕ್ಕೆ. ತೋಟದ ಗುಂಡಿಗೆ ಸುರಿದು ಬರಬೇಡಿ!

ಹಂತ 9: ಲೆಕ್ಕ

ಕೊಕ್ಕೆಹುಳು ಎಲ್ಲರಲ್ಲೂ ಸಮನಾಗಿ ಇರುವುದಿಲ್ಲ. ಹೆಚ್ಚಿನ ಹುಳುಗಳೆಲ್ಲ ಕೆಲವೇ ಜನರ ಹೊಟ್ಟೆಯಲ್ಲಿ. ಹಾಗಾಗಿ ಸಾದಾ ಸರಾಸರಿ, ಟಿ-ಟೆಸ್ಟ್ ಇಲ್ಲಿ ಕೈಕೊಡುತ್ತವೆ. ಮೊಟ್ಟೆಯ ಎಣಿಕೆಗೆ ನೆಗೆಟಿವ್ ಬೈನಾಮಿಯಲ್, ಇದೆ-ಇಲ್ಲ ಎನ್ನುವುದಕ್ಕೆ ಲಾಜಿಸ್ಟಿಕ್ ರಿಗ್ರೆಶನ್ ಬಳಸಿ. ಒಂದೇ ಲೈನಿನವರು ಅನ್ನುವುದು ಎರಡರಲ್ಲೂ ಲೆಕ್ಕಕ್ಕೆ ಬರಲಿ.

ದೊಡ್ಡ ಗೊಂದಲ ಇದು: ಕಳೆ ತೆಗೆಯುವವರಿಗೆ ಸೋಂಕು ಜಾಸ್ತಿ ಬಂತು ಅನ್ನಿ. ಅದು ಕಳೆಯಿಂದಲೋ, ಅವರ ಲೈನಿಗೆ ಕಕ್ಕಸು ಇಲ್ಲದ್ದರಿಂದಲೋ? ಅದೇ ಲೈನಿನಲ್ಲಿದ್ದು ತೋಟಕ್ಕೆ ಹೋಗದ ಅತ್ತೆ, ಅಜ್ಜನ ಮಾದರಿಯೂ ನಿಮ್ಮಲ್ಲಿದ್ದರೆ ಉತ್ತರ ಹತ್ತಿರವಾಗುತ್ತದೆ. ಅದಕ್ಕೇ ಹಂತ 4ರಲ್ಲಿ ಡಬ್ಬಿ ಮನೆಮಂದಿಗೆಲ್ಲ ಕೊಡುವುದು ಒಳ್ಳೆಯದು. ಹಿಮೋಗ್ಲೋಬಿನ್ ಕೂಡ ನೋಡುತ್ತಿದ್ದರೆ (ಹೆಂಗಸರಿಗೆ 12, ಗಂಡಸರಿಗೆ 13ಕ್ಕಿಂತ ಕಡಿಮೆ ಇದ್ದರೆ ರಕ್ತಹೀನತೆ) ಎಲ್ಲಾ ತಪ್ಪನ್ನೂ ಹುಳುವಿನ ತಲೆಗೆ ಕಟ್ಟಬೇಡಿ. ಊಟ, ಮುಟ್ಟು, ಹೆರಿಗೆ ಎಲ್ಲವೂ ಅಲ್ಲಿದೆ.

ಹಂತ 10: ಮತ್ತೆ ಲೈನಿಗೆ

ಸೋಂಕು ಸಿಕ್ಕವರಿಗೆ ವೈದ್ಯರ ಮೂಲಕ ಆಲ್ಬೆಂಡಜೋಲ್ 400 ಮಿ.ಗ್ರಾಂ, ಒಂದು ಮಾತ್ರೆ. ಬಸುರಿಯ ಮೊದಲ ಮೂರು ತಿಂಗಳಲ್ಲಿ ಕೊಡುವುದಿಲ್ಲ, ಅದನ್ನು ಗುಟ್ಟಾಗಿ ಕೇಳಿಕೊಳ್ಳಿ. ಸ್ಟ್ರಾಂಜಿಲಾಯ್ಡಿಸ್ ಸಿಕ್ಕಿದವರಿಗೆ ಈ ಒಂದು ಮಾತ್ರೆ ಸಾಲದು, ಅವರಿಗೆ ಐವರ್ಮೆಕ್ಟಿನ್ ಬೇಕು.

ಮಾತ್ರೆ ಕೊಟ್ಟು 14ರಿಂದ 21 ದಿನದೊಳಗೆ ಅದೇ ನಂಬರಿನ ಡಬ್ಬಿ ಹಿಡಿದು ಮತ್ತೆ ಹೋಗಿ. ಮೊಟ್ಟೆ ಎಷ್ಟು ಇಳಿದಿದೆ ಅಂತ ಎಣಿಸಿ. ಮೊದಲ ಸಲ ನಾಚಿಕೊಂಡವರು ಎರಡನೇ ಸಲ ತಾವೇ ಬಂದು ಕೇಳುತ್ತಾರೆ. "ಮೇಡಂ, ನನ್ನದು ಎಷ್ಟಿತ್ತು, ಈಗ ಎಷ್ಟಾಯ್ತು?" ಸಂಖ್ಯೆಯನ್ನೇ ಹೇಳಿ. 840 ಇತ್ತು, ಈಗ 48 ಅಂದರೆ ಯಾರಿಗಾದರೂ ಅರ್ಥವಾಗುತ್ತದೆ. ಆಮೇಲೆ ಅವರೇ ಕೇಳುವ ಮುಂದಿನ ಪ್ರಶ್ನೆ, ಮಳೆಗಾಲದಲ್ಲಿ ಜಾರದ ಬೂಟ್ಸ್ ತೋಟದಿಂದ ಕೊಡಿಸುತ್ತಾರಾ ಅನ್ನುವುದು. ಮಾಲೀಕರಿಗೆ ಒಯ್ಯುವ ಒಟ್ಟು ಲೆಕ್ಕದ ಹಾಳೆಯಲ್ಲಿ ಅದನ್ನೂ ಒಂದು ಸಾಲು ಬರೆದುಕೊಳ್ಳಿ.